ಲಂಡನ್ನಿನ ಜೂನಿಯರ್ ಬ್ಯಾರಿಸ್ಟರ್‌ಗೆ ವಂಚನೆ ಕೇಸುಗಳು ಬರುವುದು ಹೇಗೆ?

ಪ್ರಶ್ನೆ: ಧಾರವಾಡದಲ್ಲಿ ಕಾನೂನು ಓದಿ, ಮೂರು ವರ್ಷದಿಂದ ಬೆಂಗಳೂರಿನ ಕಮರ್ಷಿಯಲ್ ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಆಫೀಸಿನಲ್ಲಿ ಜೂನಿಯರ್ ಆಗಿದ್ದೇನೆ. ಬ್ಯಾಂಕ್ ಸಾಲ, ಪಾಲುದಾರರ ಜಗಳ, ಕಂಪನಿಯ ಹಣ ಹೊಡೆದವರ ಮೇಲಿನ ದಾವೆ, ಇವೇ ಹೆಚ್ಚು. ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗಿ ಇದೇ ಕ್ಷೇತ್ರದಲ್ಲಿ, ಅಂದರೆ ವಾಣಿಜ್ಯ ವ್ಯಾಜ್ಯ ಮತ್ತು ಸಿವಿಲ್ ವಂಚನೆಯಲ್ಲಿ, ನೆಲೆಯೂರುವ ಆಸೆಯಿದೆ. ಅಲ್ಲಿನ ಚೇಂಬರ್‌ಗಳಲ್ಲಿ ಮೂರ್ನಾಲ್ಕು ವರ್ಷದ ಜೂನಿಯರ್‌ಗಳೂ ಕೋಟ್ಯಂತರ ಪೌಂಡ್‌ಗಳ ಕೇಸುಗಳಲ್ಲಿ ಇದ್ದಾರೆ. ಅವರು ಅಲ್ಲಿ ನಿಜವಾಗಿ ಮಾಡುವುದೇನು? ಆ ಕೆಲಸ ಅವರಿಗೆ ಬರುವುದು ಹೇಗೆ? ನನ್ನ ಇಲ್ಲಿನ ಅನುಭವಕ್ಕೆ ಅಲ್ಲಿ ಬೆಲೆ ಇದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಬೆಲೆ ಇದೆ, ಅದಕ್ಕೆ ಪುರಾವೆ ಬೆಂಗಳೂರಿನಲ್ಲೇ ಇದೆ. ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲದ ವಿಚಾರದಲ್ಲಿ ಬೆಂಗಳೂರಿನ ಡಿಆರ್‌ಟಿ, ಅಂದರೆ ಸಾಲ ವಸೂಲಿ ನ್ಯಾಯಮಂಡಳಿ, 2017ರ ಜನವರಿಯಲ್ಲಿ ವಿಜಯ್ ಮಲ್ಯ ಮತ್ತಿತರರ ವಿರುದ್ಧ ಬ್ಯಾಂಕುಗಳ ಪರ ತೀರ್ಪು ಕೊಟ್ಟಿತು: 6,203 ಕೋಟಿ ರೂಪಾಯಿ, ಅದರ ಮೇಲೆ ವರ್ಷಕ್ಕೆ ಶೇ 11.5ರ ಬಡ್ಡಿ. ಎಸ್‌ಬಿಐ ಮುಂದಾಳತ್ವದಲ್ಲಿ 13 ಬ್ಯಾಂಕುಗಳು ಆ ತೀರ್ಪನ್ನು ಹಿಡಿದು ಲಂಡನ್ನಿಗೆ ಹೋದವು. ಪರದೇಶದ ತೀರ್ಪುಗಳ ಪರಸ್ಪರ ಜಾರಿಗೆಂದು 1933ರಲ್ಲಿ ಬ್ರಿಟನ್ ಮಾಡಿಕೊಂಡ ಕಾಯ್ದೆ ಭಾರತಕ್ಕೂ ಅನ್ವಯಿಸುತ್ತದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮು ಅದಕ್ಕೆ ನಮ್ಮ ಕಡೆಯ ಜೋಡಿ. ಅದರಂತೆ ತೀರ್ಪು ಅಲ್ಲಿನ ಹೈಕೋರ್ಟಿನಲ್ಲಿ ನೋಂದಣಿಯಾಯಿತು, ಜೊತೆಗೆ ಜಗತ್ತಿನ ಎಲ್ಲಿಯ ಆಸ್ತಿಗೂ ತಗಲುವ ಫ್ರೀಜಿಂಗ್ ಆರ್ಡರ್, ಅಂದರೆ ಆಸ್ತಿ ಕರಗಿಸಬೇಡ ಎಂಬ ತಡೆ ಆದೇಶ, ಬಂತು. ಅವೆರಡನ್ನೂ ರದ್ದು ಮಾಡಿ ಎಂಬ ಅರ್ಜಿಯನ್ನು 2018ರ ಮೇ ತಿಂಗಳಲ್ಲಿ ಕಮರ್ಷಿಯಲ್ ಕೋರ್ಟ್ ತಳ್ಳಿಹಾಕಿತು. 2021ರ ಜುಲೈ 26ರಂದು ದಿವಾಳಿ ಆದೇಶವೂ ಆಯಿತು.

ಇದು ಮೂಲದಲ್ಲಿ ಸಾಲ ವಸೂಲಿಯ ಕೇಸು, ವಂಚನೆಯ ವಿಚಾರಣೆಯಲ್ಲ. ಆದರೂ ನಿಮಗೆ ಇದನ್ನು ಹೇಳಲು ಕಾರಣವಿದೆ. ದಿವಾಳಿ ಅರ್ಜಿಯ ಹಂತದಲ್ಲಿ, ಬ್ಯಾಂಕುಗಳು ತಮ್ಮ ಕೈಲಿರುವ ಅಡಮಾನವನ್ನು ಬಿಟ್ಟುಕೊಡಲು ಭಾರತದ ಕಾನೂನು ಬಿಡುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಇಂಗ್ಲೆಂಡಿನ ಕೋರ್ಟಿಗೆ ಬೇರೆ ದೇಶದ ಕಾನೂನು ಎಂದರೆ ಸಾಕ್ಷ್ಯ ಕೊಟ್ಟು ಸಾಬೀತು ಮಾಡಬೇಕಾದ ಸಂಗತಿ. ಹಾಗಾಗಿ ಎರಡೂ ಕಡೆಯವರು ನಮ್ಮ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳನ್ನೇ ಪರಿಣತ ಸಾಕ್ಷಿಗಳಾಗಿ ನಿಲ್ಲಿಸಿದರು. ಅಂಥ ವರದಿಯನ್ನು ಓದಿ, ಎಲ್ಲಿ ಗಟ್ಟಿ ಎಲ್ಲಿ ಸಡಿಲ ಎಂದು ತನ್ನ ಲೀಡರ್‌ಗೆ, ಅಂದರೆ ಕೇಸು ಮುನ್ನಡೆಸುವ ಹಿರಿಯ ಬ್ಯಾರಿಸ್ಟರ್‌ಗೆ, ಟಿಪ್ಪಣಿ ಬರೆದುಕೊಡುವುದು ಜೂನಿಯರ್‌ನ ಕೆಲಸ. ರಿಕವರಿ ಸರ್ಟಿಫಿಕೇಟ್ ಎಂದರೇನು, ಡಿಆರ್‌ಟಿಯ ಆರ್ಡರ್‌ಶೀಟ್ ಓದುವುದು ಹೇಗೆ ಎಂದು ಬಲ್ಲ ಜೂನಿಯರ್ ಲಂಡನ್ನಿನಲ್ಲಿ ಬೀದಿಗೊಬ್ಬರು ಸಿಗುವುದಿಲ್ಲ. ಆದರೆ ಇದನ್ನೇ ನಂಬಿ ವಿಮಾನ ಹತ್ತಬೇಡಿ. ಭಾರತಕ್ಕೆ ಸಂಬಂಧಪಟ್ಟ ಕೇಸುಗಳು ನಿಮ್ಮನ್ನು ಒಳಗೆ ಕರೆಯಬಹುದು, ಉಳಿಸಿಕೊಳ್ಳುವುದು ಮುಂದೆ ಹೇಳುವ ಕೆಲಸಗಳು.

ಅಲ್ಲಿನ ವೃತ್ತಿಯ ಕಟ್ಟಡವೇ ಬೇರೆ. ನಮ್ಮಲ್ಲಿ ವಕಾಲತ್ತು ಹಾಕಿದವರೇ ಕಕ್ಷಿದಾರರ ಜೊತೆ ಕೂರುತ್ತಾರೆ, ವಾದಪತ್ರ ಬರೆಯುತ್ತಾರೆ, ವಾದವನ್ನೂ ಮಾಡುತ್ತಾರೆ. ಅಲ್ಲಿ ಕಕ್ಷಿದಾರರು ಸಾಮಾನ್ಯವಾಗಿ ಸಾಲಿಸಿಟರ್ ಬಳಿ ಹೋಗುತ್ತಾರೆ. ದಾಖಲೆ ಕಲೆಹಾಕುವುದು, ಸಾಕ್ಷಿಗಳ ಹೇಳಿಕೆ ಸಿದ್ಧಪಡಿಸುವುದು, ಎದುರು ಪಕ್ಷದ ಜೊತೆ ಪತ್ರವ್ಯವಹಾರ, ಹಣದ ವ್ಯವಹಾರ ಎಲ್ಲ ಸಾಲಿಸಿಟರದ್ದು. ವಾದಪತ್ರ, ಕಾನೂನು ಅಭಿಪ್ರಾಯ ಮತ್ತು ಕೋರ್ಟಿನ ವಾದಕ್ಕೆ ಬ್ಯಾರಿಸ್ಟರ್. ಬ್ಯಾರಿಸ್ಟರ್ ಯಾರ ನೌಕರನೂ ಅಲ್ಲ. ಚೇಂಬರ್ ಎಂದರೆ ಸ್ವಂತ ವೃತ್ತಿಯವರು ಒಂದೆಡೆ ಕೂಡಿ ಬಾಡಿಗೆ, ಸಿಬ್ಬಂದಿ ಖರ್ಚು ಹಂಚಿಕೊಳ್ಳುವ ವ್ಯವಸ್ಥೆ. ಒಂದೇ ಚೇಂಬರಿನ ಇಬ್ಬರು ಒಂದೇ ಕೇಸಿನಲ್ಲಿ ಎದುರು ಬದುರು ನಿಲ್ಲುವುದೂ ಅಲ್ಲಿ ಮಾಮೂಲು. ಸೀನಿಯರ್ ಹೇಳಿದ ಕೆಲಸ ಮಾಡಿಕೊಂಡು ಅವರ ನೆರಳಲ್ಲಿ ಹತ್ತು ವರ್ಷ ಬೆಳೆಯುವ ನಮ್ಮ ಕ್ರಮ ಅಲ್ಲಿಲ್ಲ. ಮೊದಲ ವರ್ಷದಿಂದಲೇ ನಿಮ್ಮ ಹೆಸರು, ನಿಮ್ಮ ಫೀಸು, ನಿಮ್ಮ ಹೊಣೆ.

ಒಳಗೆ ಹೋಗುವ ದಾರಿಯನ್ನು ಚುಟುಕಾಗಿ ಹೇಳುತ್ತೇನೆ. ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಗ್ರೇಸ್ ಇನ್ ಎಂಬ ನಾಲ್ಕು ಬ್ಯಾರಿಸ್ಟರ್ ಸಂಘಗಳಲ್ಲಿ ಒಂದಕ್ಕೆ ಸದಸ್ಯರಾಗಬೇಕು. ಬಾರ್ ತರಬೇತಿ ಮುಗಿಸಬೇಕು, ಇಲ್ಲವೇ ಹೊರದೇಶದ ವಕೀಲರೆಂದು ಬ್ಯಾರಿಸ್ಟರ್‌ಗಳ ನಿಯಂತ್ರಣ ಸಂಸ್ಥೆಯಾದ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್‌ಗೆ ಅರ್ಜಿ ಹಾಕಿ, ಯಾವ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ ಎಂದು ತಿಳಿದುಕೊಳ್ಳಬೇಕು. ಆಮೇಲೆ ಪ್ಯೂಪಿಲೇಜ್, ಅಂದರೆ ಚೇಂಬರಿನಲ್ಲಿ ವೃತ್ತಿ ತರಬೇತಿ: 12 ತಿಂಗಳು, ಮೊದಲ ಆರು ತಿಂಗಳು ನೋಡಿ ಕಲಿಯಲು, ಕೊನೆಯ ಆರು ತಿಂಗಳು ಸ್ವತಃ ಕೋರ್ಟಿನಲ್ಲಿ ನಿಲ್ಲಲು. ಕೊನೆಗೆ ಚೇಂಬರಿನವರು ಒಪ್ಪಿದರೆ ಟೆನನ್ಸಿ, ಅಂದರೆ ಕಾಯಂ ಸ್ಥಾನ. ಕಷ್ಟವಿರುವುದು ಪ್ಯೂಪಿಲೇಜಿನಲ್ಲಿ. ಇಡೀ ದೇಶಕ್ಕೆ ವರ್ಷಕ್ಕೆ ಕೆಲವೇ ನೂರು ಸ್ಥಾನ, ಅರ್ಜಿ ಸಾವಿರಾರು. ವಾಣಿಜ್ಯ ಕೇಸುಗಳ ದೊಡ್ಡ ಚೇಂಬರ್‌ಗಳು ವರ್ಷಕ್ಕೆ ಮೂರ್ನಾಲ್ಕು ಜನರನ್ನು ತೆಗೆದುಕೊಂಡರೆ ಹೆಚ್ಚು. ಅವು ಕೊಡುವ ಪ್ಯೂಪಿಲೇಜ್ ವೇತನ ಮಾತ್ರ ಚೆನ್ನಾಗಿದೆ, ಹಲವು ಕಡೆ 70 ಸಾವಿರ ಪೌಂಡ್ ದಾಟುತ್ತದೆ.

ಇನ್ನು ಆ ಕೋಟ್ಯಂತರ ಪೌಂಡ್‌ಗಳ ಮಾತು. ಜೂನಿಯರ್‌ಗಳು ಅಂಥ ಕೇಸಿನಲ್ಲಿ ಇರುವುದು ನಿಜ, ಆದರೆ ಅಲ್ಲಿ ಅವರು ಎರಡನೆಯ ಅಥವಾ ಮೂರನೆಯ ಹೆಸರು. ಎದ್ದು ನಿಂತು ವಾದ ಮಾಡುವವರು ಕೆಸಿ, ಅಂದರೆ ಕಿಂಗ್ಸ್ ಕೌನ್ಸೆಲ್ ಎಂಬ ಪದವಿ ಪಡೆದ ಹಿರಿಯ ಬ್ಯಾರಿಸ್ಟರ್. ಅದೇ ಜೂನಿಯರ್ ಅದೇ ವಾರ ಸೆಂಟ್ರಲ್ ಲಂಡನ್ ಕೌಂಟಿ ಕೋರ್ಟಿನಲ್ಲಿ ಒಬ್ಬನೇ ನಿಂತು ಹನ್ನೆರಡು ಸಾವಿರ ಪೌಂಡಿನ ಬಾಕಿ ಬಿಲ್ಲಿನ ಜಗಳ ನಡೆಸುತ್ತಿರುತ್ತಾನೆ. ಏಕಪಕ್ಷೀಯ ತೀರ್ಪು ರದ್ದು ಮಾಡಿಸುವ ಅರ್ಜಿ, ಕಂಪನಿ ಮುಚ್ಚಿಸುವ ವೈಂಡಿಂಗ್ ಅಪ್ ಅರ್ಜಿಗಳ ಪಟ್ಟಿಯಲ್ಲಿ ಐದು ನಿಮಿಷದ ಸರದಿ, ಮನೆ ಖಾಲಿ ಮಾಡಿಸುವ ದಾವೆ, ಇವೆಲ್ಲ ಮೊದಲ ಎರಡು ಮೂರು ವರ್ಷದ ಊಟ. ಇವನ್ನು ಹಗುರವಾಗಿ ಕಾಣಬೇಡಿ. ನ್ಯಾಯಾಧೀಶರು ಒಮ್ಮೆಲೇ ಅಡ್ಡ ಪ್ರಶ್ನೆ ಎಸೆದಾಗ ಪುಟ ಹುಡುಕದೆ ಉತ್ತರಿಸುವುದು, ಸುಳ್ಳು ಹೇಳುತ್ತಿರುವ ಸಾಕ್ಷಿಯನ್ನು ಕೂಗಾಡದೆ ಪಾಟೀಸವಾಲಿನಲ್ಲಿ ಸಿಕ್ಕಿಸುವುದು ಇಲ್ಲೇ ಕಲಿಯಬೇಕು. ದೊಡ್ಡ ಕೇಸಿನಲ್ಲಿ ಬಾಯಿ ತೆರೆಯುವ ಅವಕಾಶ ಬರಲು ವರ್ಷಗಳೇ ಬೇಕು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಸೀನಿಯರ್ ಬರುವುದು ತಡವಾದಾಗ ನೀವೇ ಎದ್ದು ನಿಭಾಯಿಸಿದ ಮಧ್ಯಾಹ್ನಗಳಿವೆಯಲ್ಲ, ಅವುಗಳ ಬೆಲೆ ನಿಮಗೆ ಅಲ್ಲಿ ತಿಳಿಯುತ್ತದೆ.

ಸಿವಿಲ್ ವಂಚನೆ ಎಂಬುದು ಒಂದು ದಾವೆಯ ಹೆಸರಲ್ಲ. ಸುಳ್ಳು ಹೇಳಿ ನಷ್ಟ ಮಾಡಿದ್ದು, ಲಂಚ, ಡೈರೆಕ್ಟರ್ ತನ್ನ ಕಂಪನಿಗೇ ಮಾಡಿದ ದ್ರೋಹ, ಕೂಡಿ ಮಾಡಿದ ಸಂಚು, ಗೊತ್ತಿದ್ದೂ ಆ ಹಣ ತೆಗೆದುಕೊಂಡದ್ದು, ಸಾಲ ಕೊಟ್ಟವರಿಗೆ ಸಿಗಬಾರದೆಂದು ಆಸ್ತಿ ದಾಟಿಸಿದ್ದು, ಎಲ್ಲ ಅದರೊಳಗೆ ಬರುತ್ತದೆ. ಹೇಳಿದವನಿಗೆ ಅದು ಸುಳ್ಳೆಂದು ತಿಳಿದಿರಬೇಕು, ಅಥವಾ ನಿಜವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಹೇಳಿರಬೇಕು, ಬರೀ ಅಜಾಗರೂಕತೆ ಸಾಲದು ಎಂಬ ಗೆರೆಯನ್ನು 1889ರ ಡೆರ್ರಿ ವಿರುದ್ಧ ಪೀಕ್ ತೀರ್ಪು ಎಳೆಯಿತು. ಅಪ್ರಾಮಾಣಿಕತೆಯನ್ನು ಅಳೆಯುವ ಇಂದಿನ ರೀತಿ 2017ರ ಐವಿ ವಿರುದ್ಧ ಜೆಂಟಿಂಗ್ ತೀರ್ಪಿನದು. ಮೊದಲು ಆ ಮನುಷ್ಯನಿಗೆ ನಿಜಕ್ಕೂ ಏನು ಗೊತ್ತಿತ್ತು, ಏನು ನಂಬಿದ್ದ ಎಂದು ನೋಡಬೇಕು. ಆಮೇಲೆ ಸಾಧಾರಣ ಸಭ್ಯರ ಕಣ್ಣಿಗೆ ಅದು ಅಪ್ರಾಮಾಣಿಕವೇ ಎಂದು ಕೇಳಬೇಕು. ಇವೆರಡನ್ನೂ ತೀರ್ಪಿನ ಮೂಲದಲ್ಲೇ ಓದಿ.

ಜೂನಿಯರ್‌ನ ಕೈಕೆಲಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ಫ್ರೀಜಿಂಗ್ ಆರ್ಡರ್ ಕೇಳುವ ವಾರದಲ್ಲಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ. 1975ರಲ್ಲಿ ಲಾರ್ಡ್ ಡೆನ್ನಿಂಗ್ ಕೂತ ಪೀಠ ಮರೇವಾ ಎಂಬ ಹಡಗು ಕಂಪನಿಯ ಕೇಸಿನಲ್ಲಿ ಇಂಥ ಆದೇಶ ಕೊಟ್ಟಿತು, ಹಳಬರು ಈಗಲೂ ಮರೇವಾ ಎಂದೇ ಕರೆಯುತ್ತಾರೆ. ನೀವು ಬಲ್ಲ, ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶ 5ನೇ ನಿಯಮದ ಜಪ್ತಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಜಪ್ತಿ ಬೀಳುವುದು ಆಸ್ತಿಯ ಮೇಲೆ. ಫ್ರೀಜಿಂಗ್ ಆರ್ಡರ್ ಬೀಳುವುದು ಮನುಷ್ಯನ ಮೇಲೆ: ಇಷ್ಟು ಮೊತ್ತದವರೆಗಿನ ನಿನ್ನ ಆಸ್ತಿಯನ್ನು ಕರಗಿಸಬೇಡ ಎಂದು. ಅದರಿಂದ ವಾದಿಗೆ ಆ ಆಸ್ತಿಯ ಮೇಲೆ ಹಕ್ಕಾಗಲಿ, ಸಾಲ ಕೊಟ್ಟ ಬೇರೆಯವರಿಗಿಂತ ಆದ್ಯತೆಯಾಗಲಿ ಸಿಗುವುದಿಲ್ಲ. ಮೀರಿದರೆ ನ್ಯಾಯಾಂಗ ನಿಂದನೆ. ಕಜಕಿಸ್ತಾನದ ಬಿಟಿಎ ಬ್ಯಾಂಕಿನ ಮಾಜಿ ಅಧ್ಯಕ್ಷ ಮುಖ್ತಾರ್ ಅಬ್ಲ್ಯಾಜೊವ್‌ಗೆ ಲಂಡನ್ನಿನ ಕೋರ್ಟ್ 2012ರಲ್ಲಿ 22 ತಿಂಗಳ ಸೆರೆ ವಿಧಿಸಿದ್ದು ಆಸ್ತಿಯ ವಿವರ ಮುಚ್ಚಿಟ್ಟಂಥ ಕಾರಣಗಳಿಗೆ.

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಗುರುವಾರ ಸಂಜೆ ಸಾಲಿಸಿಟರ್ ಫೋನ್ ಮಾಡುತ್ತಾರೆ. ಒಂದು ಕಂಪನಿಯ ಹಣಕಾಸು ಮುಖ್ಯಸ್ಥ ಸುಳ್ಳು ಬಿಲ್ಲುಗಳ ಮೇಲೆ ಹಣ ಹೊರಗೆ ಕಳಿಸಿದ್ದಾನೆ ಎಂಬ ಅನುಮಾನವಿದೆ, ಸೋಮವಾರ ಕೋರ್ಟಿಗೆ ಹೋಗಬೇಕು, ಅವನಿಗೆ ಸುಳಿವು ಸಿಗಬಾರದು. ಜೂನಿಯರ್ ಮೊದಲು ಕೂರುವುದು ಆ ಬಿಲ್ಲುಗಳ ಮುಂದೆ. ಒಬ್ಬ ಪೂರೈಕೆದಾರನ ಬಿಲ್ಲಿನ ಸಂಖ್ಯೆ ಮಾರ್ಚಿನಲ್ಲಿ 41, ಏಪ್ರಿಲಿನಲ್ಲಿ 42, ಮೇನಲ್ಲಿ 43. ಹಾಗಾದರೆ ಆ ಪೂರೈಕೆದಾರನಿಗೆ ಇಡೀ ಜಗತ್ತಿನಲ್ಲಿ ಇವರೊಬ್ಬರೇ ಗಿರಾಕಿಯೇ? ಎರಡನೆಯವರ ಸಹಿ ಬೇಕಾಗುವುದು 25 ಸಾವಿರ ಪೌಂಡಿನ ಮೇಲೆ, ಬಿಲ್ಲುಗಳೆಲ್ಲ 24 ಸಾವಿರದ ಆಸುಪಾಸು. ಪಿಡಿಎಫ್ ತೆರೆದು ಅದು ಸೃಷ್ಟಿಯಾದ ದಿನಾಂಕ ನೋಡಿದರೆ ಮೂರು ತಿಂಗಳ ಬಿಲ್ಲುಗಳು ಒಂದೇ ರಾತ್ರಿ ಹುಟ್ಟಿವೆ. ಇವುಗಳಲ್ಲಿ ಯಾವುದೂ ಒಂಟಿಯಾಗಿ ವಂಚನೆಯ ಸಾಬೀತಲ್ಲ. ದಿನಾಂಕ, ಘಟನೆ, ಪುಟಸಂಖ್ಯೆ ಎಂಬ ಮೂರು ಕಾಲಮ್ಮಿನ ಕಾಲಾನುಕ್ರಮ ಪಟ್ಟಿಯಲ್ಲಿ ಅವನ್ನು ಕೂರಿಸಿದಾಗ ಚಿತ್ರ ಮೂಡುತ್ತದೆ. ಆ ಪಟ್ಟಿಯನ್ನು ಬರೆಯುವವರು ಜೂನಿಯರ್, ಕೇಸು ಮುಗಿಯುವವರೆಗೂ ಎಲ್ಲರೂ ಅದನ್ನೇ ಹಿಡಿದು ನಡೆಯುತ್ತಾರೆ.

ಮುಂದೆ ಅಫಿಡವಿಟ್, ಕರಡು ಆದೇಶ, ವಾದದ ಸಾರಾಂಶ. ಕೋರ್ಟಿಗೆ ತೋರಿಸಬೇಕಾದ್ದು: ದಾವೆಯಲ್ಲಿ ಹುರುಳಿದೆ, ಆಸ್ತಿ ಕೈಜಾರುವ ನಿಜವಾದ ಅಪಾಯವಿದೆ, ಆದೇಶ ಕೊಡುವುದು ನ್ಯಾಯಸಮ್ಮತ. ಮೊದಲನೆಯದು ತೀರಾ ಎತ್ತರದ ಮೆಟ್ಟಿಲಲ್ಲ ಎಂದು 2024ರಲ್ಲಿ ಅಂಗೋಲಾದ ಯುನಿಟೆಲ್ ಕಂಪನಿಯ ಕೇಸಿನಲ್ಲಿ ಕೋರ್ಟ್ ಆಫ್ ಅಪೀಲ್ ಸ್ಪಷ್ಟಪಡಿಸಿದೆ. ಅರ್ಜಿಗಳು ಹೆಚ್ಚಾಗಿ ಎಡವುವುದು ಎರಡನೆಯದರಲ್ಲಿ. ಅವನು ಮೋಸಗಾರ, ಹಾಗಾಗಿ ಆಸ್ತಿ ಬಚ್ಚಿಡುತ್ತಾನೆ ಎಂದಷ್ಟೇ ಬರೆದರೆ ನಡೆಯುವುದಿಲ್ಲ. ಮನೆ ಮಾರಾಟಕ್ಕಿಟ್ಟಿದ್ದಾನೆಯೇ, ಹೆಂಡತಿಯ ಹೆಸರಿಗೆ ಏನಾದರೂ ದಾಟಿದೆಯೇ, ಹಣ ಯಾವ ದೇಶದ ಖಾತೆಗೆ ಹೋಗಿದೆ ಎಂದು ಗಟ್ಟಿ ಸಂಗತಿ ಬೇಕು. ಆದೇಶ ತಪ್ಪೆಂದು ಆಮೇಲೆ ತೀರ್ಮಾನವಾದರೆ ಪ್ರತಿವಾದಿಯ ನಷ್ಟ ತುಂಬಿಕೊಡುತ್ತೇವೆ ಎಂದು ವಾದಿ ಮುಚ್ಚಳಿಕೆಯನ್ನೂ ಕೊಡಬೇಕು. ಪ್ರತಿವಾದಿಯ ಜೀವನ ವೆಚ್ಚಕ್ಕೆ, ವಕೀಲರ ಫೀಸಿಗೆ ಆದೇಶದಲ್ಲೇ ಜಾಗ ಬಿಡಬೇಕು. ಮಲ್ಯ ಅವರ ಆದೇಶದಲ್ಲಿ ವಾರಕ್ಕೆ 18 ಸಾವಿರ ಪೌಂಡ್‌ಗೂ ಮೇಲೆ ಖರ್ಚಿಗೆ ಬಿಟ್ಟಿದ್ದರು ಎಂಬ ಸುದ್ದಿ ಓದಿ ಬೆಂಗಳೂರಿನಲ್ಲಿ ಹಲವರು ಸಿಟ್ಟಾಗಿದ್ದರು. ಅದು ಕೃಪೆಯಲ್ಲ, ಈ ಆದೇಶದ ಸ್ವರೂಪವೇ ಹಾಗೆ. ತೀರ್ಪಿನ ಮೊದಲೇ ಶಿಕ್ಷೆ ಕೊಡುವುದು ಅದರ ಉದ್ದೇಶವಲ್ಲ.

ಇಲ್ಲಿಗೆ ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿರುವ ಸಂಗತಿಗೆ ಬಂದೆ. ಎದುರು ಪಕ್ಷ ಇಲ್ಲದಾಗ ಕೋರ್ಟಿಗೆ ಹೋಗುವವರು, ಆ ಎದುರು ಪಕ್ಷ ಅಲ್ಲಿದ್ದಿದ್ದರೆ ಏನು ಹೇಳುತ್ತಿತ್ತೋ ಅದನ್ನೂ ತಾವೇ ಹೇಳಬೇಕು. 1917ರ ಕೆನ್ಸಿಂಗ್ಟನ್ ಆದಾಯ ತೆರಿಗೆ ಕಮಿಷನರ್‌ಗಳ ಕೇಸಿನಿಂದಲೂ ಬಂದ ನಿಯಮ ಇದು. ಮುಚ್ಚಿಟ್ಟದ್ದು ಗೊತ್ತಾದರೆ ದಾವೆ ಎಷ್ಟೇ ಗಟ್ಟಿಯಿದ್ದರೂ ಆದೇಶ ರದ್ದಾಗಬಹುದು. ಆ ಭಾಗವನ್ನು ಬರೆಯುವ ಕೆಲಸ ಸಾಮಾನ್ಯವಾಗಿ ಜೂನಿಯರ್ ಪಾಲಿಗೆ ಬರುತ್ತದೆ. ನಮ್ಮ ಉದಾಹರಣೆಯ ಕಂಪನಿಯ ಎಂಡಿ ಎರಡು ವರ್ಷದ ಹಿಂದೆ ಒಂದು ಇಮೇಲಿನಲ್ಲಿ ಈ ಪೂರೈಕೆದಾರರ ಬಗ್ಗೆ ನನಗೆ ಗೊತ್ತು, ಮುಂದುವರಿಸಿ ಎಂದಿದ್ದಾರೆ ಎನ್ನಿ. ಶನಿವಾರ ರಾತ್ರಿ ಆ ಇಮೇಲ್ ಕಣ್ಣಿಗೆ ಬಿದ್ದರೆ ಕಕ್ಷಿದಾರರಿಗೆ ಬೇಸರ, ಸಾಲಿಸಿಟರ್‌ಗೆ ಬೇಸರ. ಅದನ್ನು ಅಫಿಡವಿಟ್ಟಿನಲ್ಲಿ ಎದ್ದು ಕಾಣುವ ಜಾಗದಲ್ಲಿ ಹಾಕಲೇಬೇಕು ಎಂದು ಹೇಳುವ ಧೈರ್ಯ ಜೂನಿಯರ್‌ಗೆ ಬೇಕು. ಬಂಡಲಿನ 400ನೇ ಪುಟದಲ್ಲಿ ಇಟ್ಟಿದ್ದೆವು ಎಂಬುದು ಸಮಜಾಯಿಷಿ ಆಗುವುದಿಲ್ಲ. ಸೋಮವಾರದ ವಿಚಾರಣೆಯಲ್ಲಿ ಇನ್ನೊಂದು ಕೆಲಸವೂ ಅವರದೇ: ನ್ಯಾಯಾಧೀಶರು ಕೇಳಿದ್ದು, ಲೀಡರ್ ಹೇಳಿದ್ದು ಎಲ್ಲವನ್ನೂ ಬರೆದುಕೊಳ್ಳುವುದು. ಆ ಟಿಪ್ಪಣಿ ಆಮೇಲೆ ಪ್ರತಿವಾದಿಯ ಕೈಗೆ ಹೋಗುತ್ತದೆ. ತನ್ನ ಬೆನ್ನ ಹಿಂದೆ ಏನು ನಡೆಯಿತೆಂದು ಅವನು ತಿಳಿಯುವುದು ನಿಮ್ಮ ಬರವಣಿಗೆಯಿಂದ. ಅದು ಎಳ್ಳಷ್ಟೂ ಒಂದು ಕಡೆಗೆ ವಾಲಬಾರದು.

ವಂಚನೆಯ ಆರೋಪ ಬರೆಯುವುದಕ್ಕೂ ಇದೇ ಕಟ್ಟುನಿಟ್ಟು. ಕಕ್ಷಿದಾರರ ಸ್ಪಷ್ಟ ಸೂಚನೆ, ಜೊತೆಗೆ ಮೇಲ್ನೋಟಕ್ಕೆ ನಂಬಬಹುದಾದ ಆಧಾರ, ಇವೆರಡೂ ಇಲ್ಲದೆ ಬ್ಯಾರಿಸ್ಟರ್ ವಂಚನೆ ಎಂಬ ಆರೋಪವನ್ನು ವಾದಪತ್ರದಲ್ಲಿ ಬರೆಯುವಂತಿಲ್ಲ. ಇದು ವೃತ್ತಿ ನಿಯಮ, ಮೀರಿದರೆ ಶಿಸ್ತು ಕ್ರಮ. ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2002ರಲ್ಲಿ ಮೆಡ್‌ಕಾಫ್ ವಿರುದ್ಧ ಮಾರ್ಡೆಲ್ ಕೇಸಿನಲ್ಲಿ ಇದನ್ನು ವಿವರವಾಗಿ ಚರ್ಚಿಸಿದೆ. ನಮ್ಮಲ್ಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 4ನೇ ನಿಯಮ ವಂಚನೆಯ ವಿವರ ಬಿಡಿಬಿಡಿಯಾಗಿ ಕೊಡಿ ಎನ್ನುತ್ತದೆ. ಆದರೂ ಹಣ ವಾಪಸು ಬಾರದ ದಾವೆಗಳಲ್ಲಿ ಮೋಸ, ವಂಚನೆ, ಒಳಸಂಚು ಎಂದು ಮೂರು ಪದ ಸೇರಿಸಿ ಬರೆಯುವ ಅಭ್ಯಾಸ ನಮ್ಮಲ್ಲಿದೆ. ಆ ಅಭ್ಯಾಸವನ್ನು ಬೆಂಗಳೂರಿನಲ್ಲಿರುವಾಗಲೇ ಬಿಡಿ. ಕಕ್ಷಿದಾರರು ಸಿಟ್ಟಿನಲ್ಲಿದ್ದಾರೆ, ಲೀಡರ್‌ಗೆ ಆತುರವಿದೆ, ಆಗ ‘ಇದು ಕರಾರು ಮುರಿದ ಕೇಸು, ವಂಚನೆ ಎನ್ನಲು ನಮ್ಮ ಬಳಿ ಇನ್ನೂ ಸಾಕಷ್ಟಿಲ್ಲ, ಈ ಮೂರು ದಾಖಲೆ ಸಿಕ್ಕರೆ ನೋಡೋಣ’ ಎಂದು ಬರೆದುಕೊಡುವ ಜೂನಿಯರನ್ನು ಸಾಲಿಸಿಟರ್‌ಗಳು ಮರೆಯುವುದಿಲ್ಲ. ಅಂಥವರಿಗೇ ಮುಂದಿನ ಕೇಸು ಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಹಾಗೆಂದು ಅಂಜಿ ಕೂರಬೇಕಿಲ್ಲ. ಸಿವಿಲ್ ಕೇಸಿನಲ್ಲಿ ವಂಚನೆಗೂ ಸಾಬೀತಿನ ಮಟ್ಟ ಸಂಭಾವ್ಯತೆಯದೇ, ಕ್ರಿಮಿನಲ್ ಕೋರ್ಟಿನದಲ್ಲ. ರಷ್ಯದ ಬ್ಯಾಂಕ್ ಸೇಂಟ್ ಪೀಟರ್ಸ್‌ಬರ್ಗ್ ಕೇಸಿನಲ್ಲಿ ವಿಚಾರಣಾ ನ್ಯಾಯಾಧೀಶರು ವಂಚನೆ ಒಪ್ಪಲು ಮಟ್ಟವನ್ನು ತುಂಬ ಎತ್ತರಕ್ಕೆ ಇಟ್ಟರೆಂದು 2020ರಲ್ಲಿ ಕೋರ್ಟ್ ಆಫ್ ಅಪೀಲ್ ಪ್ರಕರಣವನ್ನು ಮರುವಿಚಾರಣೆಗೆ ಕಳಿಸಿತು. ಒಂದೊಂದೇ ಸಂಗತಿಯನ್ನು ಬಿಡಿಸಿ ತಳ್ಳಿಹಾಕದೆ ಒಟ್ಟಿಗೆ ತೂಗಬೇಕು, ಅಂದಂದಿನ ಕಾಗದಪತ್ರಕ್ಕೆ ಹೆಚ್ಚಿನ ಬೆಲೆ ಕೊಡಬೇಕು ಎಂಬ ಮಾತು ಆ ತೀರ್ಪಿನಲ್ಲಿದೆ.

ಕಾಗದದ ಬಲ ಎಷ್ಟೆಂದು ನೋಡಬೇಕಾದರೆ ನೈಜೀರಿಯಾ ಮತ್ತು ಪಿ ಅಂಡ್ ಐಡಿ ಕಂಪನಿಯ ಕೇಸನ್ನು ಪೂರ್ತಿ ಓದಿ. 2010ರಲ್ಲಿ ಅನಿಲ ಶುದ್ಧೀಕರಣ ಘಟಕ ಕಟ್ಟುವ ಕರಾರು ಆಯಿತು, ಘಟಕ ಕಟ್ಟಲೇ ಇಲ್ಲ. ಮಧ್ಯಸ್ಥಿಕೆ (ಆರ್ಬಿಟ್ರೇಶನ್) ಮಂಡಳಿ 2017ರಲ್ಲಿ ಕಂಪನಿಗೆ 660 ಕೋಟಿ ಡಾಲರ್ ಪರಿಹಾರ ಕೊಡಿಸಿತು, ಬಡ್ಡಿ ಸೇರಿ ಅದು 1,100 ಕೋಟಿ ಡಾಲರ್ ದಾಟಿತು. ನೈಜೀರಿಯಾ ಅವಧಿ ಮೀರಿ ಲಂಡನ್ನಿನ ಕೋರ್ಟಿಗೆ ಬಂದರೂ ಕೋರ್ಟ್ ಅವಕಾಶ ಕೊಟ್ಟಿತು. 2023ರ ಅಕ್ಟೋಬರ್ 23ರಂದು ನ್ಯಾಯಮೂರ್ತಿ ರಾಬಿನ್ ನೋಲ್ಸ್, ಆ ಪರಿಹಾರ ವಂಚನೆಯಿಂದ ಪಡೆದದ್ದು ಎಂದು ತೀರ್ಪಿತ್ತರು. ಅಧಿಕಾರಿಗೆ ಲಂಚ ಹೋಗಿತ್ತು, ಸುಳ್ಳು ಸಾಕ್ಷ್ಯ ಕೊಡಲಾಗಿತ್ತು, ನೈಜೀರಿಯಾ ಸರ್ಕಾರ ತನ್ನ ವಕೀಲರ ಜೊತೆ ಆಡಿದ ಗೋಪ್ಯ ಮಾತಿನ ಕಾಗದಗಳು ಎದುರು ಪಕ್ಷದ ಕೈಲಿದ್ದವು. ಇದೆಲ್ಲ ಹೊರಬಂದದ್ದು ಬ್ಯಾಂಕ್ ಸ್ಟೇಟ್‌ಮೆಂಟುಗಳಿಂದ, ಇಮೇಲುಗಳಿಂದ. ಒಂದು ಇಡೀ ದೇಶದ ಜನರ ಹಣ ಹೀಗೆ ಉಳಿಯಿತು ಎಂದು ನೆನೆದಾಗ ಈ ಕೆಲಸದ ಮೇಲೆ ನನಗಿರುವ ಗೌರವ ಹೆಚ್ಚುತ್ತದೆ.

ಕ್ರಿಪ್ಟೊ ಬಂದ ಮೇಲೆ ಜೂನಿಯರ್‌ಗಳಿಗೆ ಹೊಸ ಬಾಗಿಲು ತೆರೆದಿದೆ, ಏಕೆಂದರೆ ಹಳಬರಿಗೂ ಅದು ಹೊಸದೇ. ಬಿಟ್‌ಕಾಯಿನ್ ಆಸ್ತಿಯೇ ಎಂಬ ಪ್ರಶ್ನೆಗೆ 2019ರಲ್ಲಿ ಕಮರ್ಷಿಯಲ್ ಕೋರ್ಟ್ ಹೌದು ಎಂದಿತು. ವಿಮಾ ಕಂಪನಿಯೊಂದು ಹ್ಯಾಕರ್‌ಗಳಿಗೆ ಒತ್ತೆಹಣವಾಗಿ ಕೊಟ್ಟ ಬಿಟ್‌ಕಾಯಿನ್‌ಗಳನ್ನು ಹುಡುಕಿ ಹೊರಟ ಕೇಸು ಅದು, ಪ್ರತಿವಾದಿಗಳ ಹೆಸರೇ ‘ಅಪರಿಚಿತ ವ್ಯಕ್ತಿಗಳು’. ಆದರೆ ಆದೇಶ ಸಿಗುವುದು ಬೇರೆ, ವಿಚಾರಣೆಯಲ್ಲಿ ಗೆಲ್ಲುವುದು ಬೇರೆ. 2024ರ ಒಂದು ತೀರ್ಪಿನಲ್ಲಿ, ಮೋಸಹೋದವರ ಕ್ರಿಪ್ಟೊ ಥಾಯ್ಲೆಂಡಿನ ಬಿಟ್‌ಕಬ್ ಎಕ್ಸ್‌ಚೇಂಜಿಗೆ ತಲುಪಿತೆಂದು ಸಾಬೀತು ಮಾಡಲಾಗದೆ ಆ ಎಕ್ಸ್‌ಚೇಂಜ್ ವಿರುದ್ಧದ ದಾವೆ ಬಿದ್ದುಹೋಯಿತು. ಹಣದ ಜಾಡು ಹಿಡಿದ ಪರಿಣತರ ಲೆಕ್ಕದ ವಿಧಾನ ಕೋರ್ಟಿನಲ್ಲಿ ನಿಲ್ಲಲಿಲ್ಲ. ಪರಿಣತರ ವರದಿಯ ಎಕ್ಸೆಲ್ ಶೀಟನ್ನು ಸಾಲುಸಾಲಾಗಿ ಕೂಡಿ ಕಳೆದು ನೋಡುವ ಜೂನಿಯರ್ ಎಲ್ಲ ಕಡೆಗೂ ಬೇಕಾಗಿರುವುದು ಇದಕ್ಕೇ.

ಇನ್ನು ಕೇಸು ಬರುವ ದಾರಿ. ಅಲ್ಲಿ ಕ್ಲರ್ಕ್ ಎಂದರೆ ನಮ್ಮ ಕೋರ್ಟಿನ ಗುಮಾಸ್ತರಂತೆ ಫೈಲ್ ಸಾಗಿಸುವವರಲ್ಲ. ಚೇಂಬರಿನ ಕ್ಲರ್ಕ್ ನಿಮ್ಮ ಡೈರಿ ಇಡುತ್ತಾರೆ, ಫೀಸು ಮಾತಾಡುತ್ತಾರೆ, ಸಾಲಿಸಿಟರ್ ಫೋನ್ ಮಾಡಿ ಯಾರಿದ್ದಾರೆ ಎಂದಾಗ ನಿಮ್ಮ ಹೆಸರು ಹೇಳುವವರೂ ಅವರೇ. ಅವರಿಗೆ ನಿಮ್ಮ ಮೇಲೆ ಭರವಸೆ ಬರಬೇಕು. ಒಪ್ಪಿದ ಕೆಲಸ ಹೇಳಿದ ಸಮಯಕ್ಕೆ ಕೊಡಿ, ಆಗದಿದ್ದರೆ ಮೊದಲೇ ಹೇಳಿ. ಲೀಡರ್‌ಗಳು ಮುಂದಿನ ಕೇಸಿಗೂ ಅದೇ ಜೂನಿಯರನ್ನು ಕೇಳುತ್ತಾರೆ. ಕೆಲವು ತಿಂಗಳು ಸಾಲಿಸಿಟರ್ ಕಚೇರಿಯಲ್ಲೋ ನಿಯಂತ್ರಣ ಸಂಸ್ಥೆಯಲ್ಲೋ ಎರವಲು ಸೇವೆ ಮಾಡಿ ಬರುವ ಪದ್ಧತಿಯೂ ಇದೆ. ಸಿಕ್ಕರೆ ಬಿಡಬೇಡಿ, ಅಲ್ಲಿ ನಿಮ್ಮ ಪಕ್ಕದ ಮೇಜಿನಲ್ಲಿ ಕೂತ ಹೊಸ ಸಾಲಿಸಿಟರ್ ಹತ್ತು ವರ್ಷದಲ್ಲಿ ಪಾರ್ಟ್ನರ್ ಆಗಿರುತ್ತಾರೆ. ಆರೋಪಿಸುವವರ ಪರವಷ್ಟೇ ಅಲ್ಲ, ಆರೋಪ ಹೊತ್ತವರ ಪರವೂ ಕೆಲಸ ಮಾಡಿ. ಬಂದ ಕೇಸನ್ನು ಕಾರಣವಿಲ್ಲದೆ ನಿರಾಕರಿಸಬಾರದೆಂಬ ನಿಯಮ ಬೇರೆ ಇದೆ. ರಾತ್ರೋರಾತ್ರಿ ಖಾತೆಗಳೆಲ್ಲ ನಿಂತುಹೋದ ಒಬ್ಬ ಮನುಷ್ಯನ ಜೊತೆ ಒಮ್ಮೆ ಕೂತು ಮಾತಾಡಿದವರು ಮುಂದೆ ಬರೆಯುವ ಅಫಿಡವಿಟ್ಟಿನ ತೂಕವೇ ಬೇರೆ.

ಹಣದ ವಿಚಾರದಲ್ಲಿ ಒಂದು ಎಚ್ಚರಿಕೆ: ಕೆಲಸ ಮಾಡಿದ ತಿಂಗಳಲ್ಲೇ ಫೀಸು ಬರುವುದಿಲ್ಲ, ಹಲವು ತಿಂಗಳು ಹಿಡಿಯುತ್ತದೆ. ತೆರಿಗೆ, ಚೇಂಬರ್ ಖರ್ಚು, ವಿಮೆ ಎಲ್ಲ ನಿಮ್ಮ ಜೇಬಿನಿಂದ. ಟೆನನ್ಸಿಯ ಮೊದಲ ವರ್ಷಕ್ಕೆಂದು ಪ್ಯೂಪಿಲೇಜ್ ವೇತನದಲ್ಲೇ ಒಂದಿಷ್ಟು ಎತ್ತಿಡಿ.

ಎಐ ಬಳಸುವವರಿಗೆ ಇನ್ನೊಂದು ಮಾತು. 2025ರ ಜೂನ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಎರಡು ಕೇಸುಗಳನ್ನು ಒಟ್ಟಿಗೆ ತೆಗೆದುಕೊಂಡು, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರ ಬಗ್ಗೆ ಕಟುವಾಗಿ ಬರೆಯಿತು. ಅವರಲ್ಲಿ ಒಬ್ಬರು ವೃತ್ತಿಯ ಹೊಸಿಲಲ್ಲಿದ್ದವರು. ನೀವು ಬರೆದ ಪ್ರತಿ ಸೈಟೇಶನ್ನನ್ನೂ ನೀವೇ ತೆರೆದು ಓದಿರಬೇಕು.

ಈಗ ಬೆಂಗಳೂರಿನಲ್ಲಿ ಕೂತು ಏನು ಮಾಡಬಹುದು? ನಿಮ್ಮ ಆಫೀಸಿನಲ್ಲಿ ಕಂಪನಿಯ ಹಣ ಹೊಡೆದ ಒಂದು ಕೇಸು ಆರಿಸಿಕೊಳ್ಳಿ. ಸೀನಿಯರ್ ಅನುಮತಿ ಪಡೆದು, ಹೆಸರು ತೆಗೆದು, ಅದರ ಕಾಲಾನುಕ್ರಮ ಪಟ್ಟಿ ಮತ್ತು ಐದು ಪುಟದ ವಾದ ಸಾರಾಂಶವನ್ನು ಇಂಗ್ಲೆಂಡಿನ ಮಾದರಿಯಲ್ಲಿ ಬರೆಯಿರಿ. ಒಂದು ಪುಟ ನಿಮ್ಮ ಕೇಸಿನ ದೌರ್ಬಲ್ಯಗಳಿಗೇ ಇರಲಿ. ಸಂದರ್ಶನದಲ್ಲಿ ಸಾಮಾನ್ಯವಾಗಿ ಒಂದು ಸಮಸ್ಯೆ ಕೊಟ್ಟು ವಾದಿಸಲು ಹೇಳುತ್ತಾರೆ, ಈ ಅಭ್ಯಾಸ ಅಲ್ಲಿ ನೇರವಾಗಿ ಕೈಹಿಡಿಯುತ್ತದೆ. ಫೆಟರ್ ಲೇನಿನ ರೋಲ್ಸ್ ಬಿಲ್ಡಿಂಗ್‌ನಲ್ಲಿ ಕಮರ್ಷಿಯಲ್ ಕೋರ್ಟಿನ ವಿಚಾರಣೆಗಳು ಹೆಚ್ಚಾಗಿ ಸಾರ್ವಜನಿಕರಿಗೆ ತೆರೆದೇ ಇರುತ್ತವೆ. ಲಂಡನ್ನಿಗೆ ಹೋಗುವ ಅವಕಾಶ ಸಿಕ್ಕರೆ ಎರಡು ದಿನ ಹಿಂದಿನ ಬೆಂಚಿನಲ್ಲಿ ಕೂತು, ಲೀಡರ್‌ನ ಹಿಂದೆ ಕೂತ ಜೂನಿಯರ್ ಏನೇನು ಮಾಡುತ್ತಾರೆಂದು ಗಮನಿಸಿ.

ಪ್ಯೂಪಿಲೇಜ್ ಗೇಟ್‌ವೇ ಎಂಬ ಆನ್‌ಲೈನ್ ವ್ಯವಸ್ಥೆಗೆ ಅರ್ಜಿ ಹಾಕುವುದು ವರ್ಷದ ಆರಂಭದಲ್ಲಿ, ಆಯ್ಕೆ ತಿಳಿಯುವುದು ಮೇನಲ್ಲಿ. ಕೆಲಸ ಶುರುವಾಗುವುದು ಬಹುಮಟ್ಟಿಗೆ ಅದರ ಮರುವರ್ಷದ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ. ಹಾಗಾಗಿ ಬೆಂಗಳೂರಿನ ಕೆಲಸ ಬಿಡುವ ಮೊದಲೇ ಅರ್ಜಿ ಹಾಕಬಹುದು, ಹಾಗೆ ಮಾಡುವುದೇ ಜಾಣತನ. ವೀಸಾ ಪ್ರಾಯೋಜನೆ, ಆಮೇಲೆ ಸ್ವಂತ ವೃತ್ತಿಯಲ್ಲಿ ಉಳಿಯುವ ಅನುಮತಿ, ಇವೆರಡನ್ನೂ ಅರ್ಜಿಗೆ ಮುಂಚೆಯೇ ಆಯಾ ಚೇಂಬರಿಗೆ ಬರೆದು ಕೇಳಿ. ಎರಡು ಸಲ ಪ್ರಯತ್ನಿಸಿಯೂ ಸಿಗದಿದ್ದರೆ ಸಾಲಿಸಿಟರ್ ಆಗುವ ಎಸ್‌ಕ್ಯೂಇ ಪರೀಕ್ಷೆಯ ದಾರಿಯಿದೆ. ಲಂಡನ್ನಿನ ದೊಡ್ಡ ಲಾ ಫರ್ಮ್‌ಗಳ ವ್ಯಾಜ್ಯ ವಿಭಾಗಗಳಲ್ಲಿ ಇದೇ ವಂಚನೆ ಕೇಸುಗಳ ದಾಖಲೆ ಕೆಲಸ ಇನ್ನೂ ಹೆಚ್ಚು ಹತ್ತಿರದಿಂದ ಸಿಗುತ್ತದೆ. ನಿಮ್ಮ ಮೂರು ವರ್ಷದ ಅನುಭವವನ್ನು ಅಲ್ಲಿ ಬೇಗ ಗುರುತಿಸುತ್ತಾರೆ.